ವಾಚಿನ ತಪ್ಪು ಅಂದಿದ್ದೆ ನಾನು

ಚಿಗವ್ವಾ,

ನೀನು ಮೊದಲ ಸಲ ಆ ಸ್ಮಾರ್ಟ್ ವಾಚು ಕಟ್ಟಿಕೊಂಡ ದಿನ ನೆನಪಿದೆಯೇ? ನಾನು ಕೆಲಸ ಮಾಡುವ ಸಿಂಧನೂರಿನ ಮೊಬೈಲ್ ಅಂಗಡಿಗೆ ಬಂದು, ಗಾಜಿನ ಕೌಂಟರಿನ ಮೇಲೆ ಎಡಗೈ ಚಾಚಿ ಕುಳಿತಿದ್ದವಳು ನೀನು. ಹಸಿರು ಬಳೆಗಳನ್ನು ಮೇಲಕ್ಕೆ ಸರಿಸಿ ಪಟ್ಟಿ ಬಿಗಿದವಳು ನಾನು. ತುರ್ವಿಹಾಳದಲ್ಲಿ ಆಶಾ ಕಾರ್ಯಕರ್ತೆಯಾಗಿ ಓಣಿ ಓಣಿ ತಿರುಗುವ ನಿನಗೆ ದಿನಕ್ಕೆಷ್ಟು ಹೆಜ್ಜೆ ನಡೆಯುತ್ತೀಯೆಂದು ತಿಳಿಯುವ ಆಸೆ. ಮರುದಿನವೇ ಸಿಟ್ಟಿನಿಂದ ಫೋನು ಬಂತು. "ಏ ಸುಮಾ, ಇದು ಸುಳ್ಳ ಹೇಳತೈತಿ. ಊರೆಲ್ಲಾ ಸುತ್ತಿ ಬಂದೀನಿ, ಅರ್ಧಾನೂ ತೋರಸವಲ್ದು!" ಕೇಳಿ ನೋಡಿದರೆ, ನೀನು ಎಡಗೈಯಲ್ಲಿ ರಿಜಿಸ್ಟರುಗಳನ್ನು ಎದೆಗವಚಿಕೊಂಡು ನಡೆದಿದ್ದೆ. ಕೈ ಅಲುಗದಿದ್ದರೆ ಆ ವಾಚಿಗೆ ಹೆಜ್ಜೆ ತಿಳಿಯುವುದಿಲ್ಲ. "ಕೈ ಬೀಸಿಕೊಂತ ತಿರಗೋರಿಗೆ ಮಾಡ್ಯಾರೇನ ಇದನ್ನ? ಕೆಲಸ ಮಾಡೋರಿಗಲ್ಲ?" ಎಂದು ಕೇಳಿದ್ದೆ ನೀನು.

ನಿನ್ನ ಆ ಪ್ರಶ್ನೆಯನ್ನು ಕಂಪನಿಗೆ ಮುಟ್ಟಿಸಬೇಕೆಂದು ಹೊರಟೇ ನಾನು ವಾಟ್ಸಾಪಿನಲ್ಲಿ ಗ್ರೂಪು ಶುರುಮಾಡಿದ್ದು. ನಮ್ಮಲ್ಲಿ ವಾಚು ಕೊಂಡ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಮಂದಿಯೆಲ್ಲ ಅದರೊಳಗೆ. ಏನೇನು ಬೇಡಿಕೆಗಳು! ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ಊರು ಬಿಡುವ ಗುರುಗುಂಟಾದ ನಿಂಗಪ್ಪನಿಗೆ ಎಂಟು ದಿನ ಚಾರ್ಜು ನಿಲ್ಲುವ ಬ್ಯಾಟರಿ ಬೇಕು. ಅಕ್ಕಿ ಗಿರಣಿಯಲ್ಲಿ ದುಡಿಯುವ ಒಬ್ಬನಿಗೆ ತೌಡಿನ ಧೂಳು ಹೊಗದ ಸ್ಪೀಕರು ಬೇಕು. ಕಾಲೇಜಿನ ಹುಡುಗಿಗೆ ಬೆವರಿದರೂ ತುರಿಕೆ ಬಾರದ ಪಟ್ಟಿ. ನಿನಗೆ ಕನ್ನಡ. ಮೆಸೇಜು ಬಂದರೆ ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳ ಸಾಲು. "ಬರೇ ಡಬ್ಬಿ ಡಬ್ಬಿ ಕಾಣಾಕತ್ತಾವು. ಏನ ಓದ್ಲಿ ನಾ, ನಿಮ್ಮ ತೆಲಿ?" ಎಂದು ನೀನು ಕಳಿಸಿದ ದನಿಯ ಮೆಸೇಜನ್ನು ಎಷ್ಟು ಜನ ಎಷ್ಟು ಸಲ ಕೇಳಿ ನಕ್ಕರು! ನಾನು ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆದು ಕಂಪನಿಗೆ ಕಳಿಸುತ್ತಿದ್ದೆ. ಸಲಹೆಗೆ ಧನ್ಯವಾದ ಎಂಬ ಒಂದೇ ಸಾಲು ವಾಪಸು ಬರುತ್ತಿತ್ತು. ಆದರೂ ಗ್ರೂಪಿನಲ್ಲಿ ಮಾತ್ರ ನಾನು ಧೈರ್ಯವಾಗಿ ಬರೆಯುತ್ತಿದ್ದೆ: ಮುಂದಿನ ಅಪ್‌ಡೇಟಿನಲ್ಲಿ ಸರಿಯಾಗುತ್ತದೆ. ಜನ ನಂಬುತ್ತಿದ್ದರು. ನೀನೂ...

ಹೋದ ಬೇಸಿಗೆಯಲ್ಲಿ ಆ ಅಪ್‌ಡೇಟು ಬಂದ ವಾರ ಅಂಗಡಿಯಲ್ಲಿ ನಿಲ್ಲಲು ಜಾಗವಿರಲಿಲ್ಲ. ವಾಚಿನ ಪರದೆಗೆ ಹೊಸ ಬಣ್ಣಗಳು, ಹೊಸ ಚಿತ್ರಗಳು ಬಂದಿದ್ದವು. ಅದರ ಜೊತೆಗೆ ನಾಡಿಯ ಲೆಕ್ಕ ಕೆಟ್ಟಿತ್ತು. ಒಬ್ಬರು ಚಹಾ ಕುಡಿಯುತ್ತ ಕುಳಿತಾಗ ನೂರಾ ನಲವತ್ತು ತೋರಿಸಿತಂತೆ. ಇನ್ನೊಬ್ಬರು ವಾಚನ್ನು ಬಿಚ್ಚಿ ದಿಂಬಿನ ಮೇಲಿಟ್ಟರೆ ದಿಂಬಿಗೂ ನಾಡಿ ಇತ್ತಂತೆ. ಗ್ರೂಪಿನ ತುಂಬ ಬೈಗುಳ, ನಗೆ. ನಾನು ದಪ್ಪ ಅಕ್ಷರದಲ್ಲಿ ಬರೆದು ಎಲ್ಲಕ್ಕಿಂತ ಮೇಲೆ ನಿಲ್ಲಿಸಿದೆ: "ಇದು ವಾಚಿನ ತಪ್ಪು. ಯಾರೂ ಗಾಬರಿಯಾಗಬೇಡಿ. ಎಚ್ಚರಿಕೆ ಬಂದರೆ ಬಂದ್ ಮಾಡಿ ಇಡಿ."

ಆ ಮಧ್ಯಾಹ್ನ ನಿನ್ನ ಫೋನು ಬಂದಾಗ ನನ್ನೆದುರು ನಾಲ್ಕು ಜನ ನಿಂತಿದ್ದರು.

"ಸುಮಾ, ಸುಮ್ನ ಕುಂತ್ರೂ ನೂರಾ ಮೂವತ್ತು ತೋರಸಾಕತ್ತೈತಿ. ನಿನ್ನಿಯಿಂದ ವಾಚು ಕೈಯಾಗ ಒಂದೇ ಸಮ ನಡಗತೈತಿ."

"ಗ್ರೂಪ್ ನೋಡಿಲ್ಲೇನ ಚಿಗವ್ವಾ? ಎಲ್ಲಾರಿಗೂ ಹಂಗ ಬರಾಕತ್ತೈತಿ. ವಾಚಿಂದ ತಪ್ಪದು."

"ಹಂಗಾರ ನಂದೇನಿಲ್ಲಲ್ಲ?"

"ನಿಂದೇನಿಲ್ಲ ಬೇ. ಮುಂದಿನ ಅಪ್‌ಡೇಟ್ ಬಂದ್ರ ಸರಿ ಹೋಗ್ತೈತಿ."

ಆಮೇಲೆ ನೀನು ಹೇಳಿದ್ದೆ: "ಒಂಚೂರು ದಮ್ಮೂ ಹತ್ತಾಕತ್ತೈತಿ. ಬಿಸಲಿಗಿರಬೇಕು ಬಿಡು."

ಬಿಸಿಲಿಗೆ ಇರಬೇಕು. ನಾನೂ ಅದನ್ನೇ ಹೇಳಿದೆ. ನೀರು ಕುಡಿ ಎಂದು ಹೇಳಿ ಫೋನಿಟ್ಟೆ. ಊರ ಬಸುರಿಯರಿಗೆಲ್ಲ ದಮ್ಮು ಬಂದರೆ ದವಾಖಾನೆಗೆ ಹೋಗಿ ಎಂದು ಹೇಳುತ್ತಿದ್ದ ನೀನು, ನನ್ನ ಒಂದು ಮಾತಿಗೆ ಯಾಕೆ ಸುಮ್ಮನಾದೆ ಚಿಗವ್ವಾ? ಅಂಗಡಿಯಲ್ಲಿ ಕುಳಿತವಳಿಗೆ ಎಲ್ಲ ಗೊತ್ತಿರುತ್ತದೆಂದೇ?

ಮಸ್ಕಿ ಬಸ್‌ಸ್ಟ್ಯಾಂಡಿನ ಆ ಬೆಳಗನ್ನು ನಾನು ನೋಡಿಲ್ಲ. ನಿನ್ನ ಜೊತೆಯವರು ಹೇಳಿದ್ದಷ್ಟೇ ಗೊತ್ತು. ಫೋನು ಮಾಡಿದ ಮರುದಿನ, ಮೀಟಿಂಗಿಗೆಂದು ನೀವು ನಾಲ್ವರು ಬಸ್ಸಿಳಿದಿರಿ. ನೀನು ಕಂಬ ಹಿಡಿದು ನಿಂತು, "ಒಂಚೂರು ತಡೀರೆ, ಬಂದೆ" ಎಂದೆಯಂತೆ. ಹಾಗೆಯೇ ಕುಸಿದೆಯಂತೆ. ಅವರು ಆಟೋದಲ್ಲಿ ಹಾಕಿಕೊಂಡು ದವಾಖಾನೆ ಮುಟ್ಟಿಸುವಷ್ಟರಲ್ಲಿ... ನಿನ್ನ ಕೈಯ ವಾಚು ಆಗಲೂ ಏನೋ ಅಂಕಿ ತೋರಿಸುತ್ತಿತ್ತೆಂದು ಒಬ್ಬಾಕೆ ಹೇಳಿದಳು. ಅದನ್ನು ಕೇಳಿದಾಗಿನಿಂದ ಒಂದೇ ಪ್ರಶ್ನೆ. ಆ ಮೂರು ದಿನ ಅದು ತೋರಿಸಿದ್ದು ಸುಳ್ಳೋ ನಿಜವೋ? ಎಲ್ಲರ ವಾಚೂ ಸುಳ್ಳು ಹೇಳುತ್ತಿದ್ದಾಗ ನಿನ್ನದೊಂದು ಖರೆ ಹೇಳುತ್ತಿತ್ತೇ?

ನೀನು ಹೋಗಿ ಎರಡನೆಯ ವಾರ ಹೊಸ ಅಪ್‌ಡೇಟು ಬಂತು. ನಾಡಿಯ ತೊಂದರೆ ಸರಿಪಡಿಸಿದ್ದೇವೆ ಎಂದಿತ್ತು. ಗ್ರೂಪಿನವರು ಹೂವಿನ ಚಿತ್ರಗಳನ್ನು ಕಳಿಸಿದರು. ಒಬ್ಬರು "ಸುಮಕ್ಕಾ, ನೀವು ಹೇಳಿದಂಗ ಆತು ನೋಡ್ರಿ" ಎಂದು ಬರೆದರು. ನಾನು ಅಂಗಡಿಯ ಹಿಂದಿನ ಕೋಣೆಗೆ ಹೋಗಿ ಚಾರ್ಜರುಗಳ ರಟ್ಟಿನ ಡಬ್ಬಿಗಳ ನಡುವೆ ಕುಳಿತುಬಿಟ್ಟೆ. ನಿನ್ನ ಫೋನಿನ ವಿಷಯ ಯಾರಿಗೂ ಹೇಳಲಿಲ್ಲ. ಕಾಕಾನಿಗೆ ಅಂತೂ ಇಲ್ಲವೇ ಇಲ್ಲ. ನಿನ್ನ ಗಂಡನ ಮುಖ ನೋಡಿ ಆ ಮಾತನ್ನು ಹೇಗೆ ಆಡಲಿ?

ನಿನ್ನ ಕಾರ್ಯ ಮುಗಿದ ದಿನ ಕಾಕಾ ಆ ವಾಚನ್ನು ನನ್ನ ಅವ್ವನ ಕೈಗೆ ಕೊಟ್ಟ. ತಂಗಿಯದೆಂದು ಅವ್ವ ಕಟ್ಟಿಕೊಂಡು ಲಿಂಗಸುಗೂರಿಗೆ ಹೋದಳು. ಅಲ್ಲಿ ಅವಳ ರೊಟ್ಟಿ ಕೆಲಸ ನಿನಗೆ ಗೊತ್ತೇ ಇದೆ. ಖಾನಾವಳಿಗಳಿಗೆ ಹೊತ್ತು ಏರುವುದರೊಳಗೆ ರೊಟ್ಟಿ ಬಡಿದು ಕೊಡಬೇಕು. ಒಂದು ದಿನ ಫೋನು ಮಾಡಿ ಹೇಳಿದಳು: "ಸುಮಾ, ಕುಂತಲ್ಲೇ ನಾಕು ಸಾವಿರ ಹೆಜ್ಜಿ ನಡದೀನಂತ! ನನ್ನ ತಂಗಿ ತಿರುಗಿ ತಿರುಗಿ ಸತ್ರೂ ಅಷ್ಟು ತೋರಸಲಿಲ್ಲ ಇದು." ರೊಟ್ಟಿ ಬಡಿಯುವ ಕೈ ಹೆಜ್ಜೆಯೆಂದು ಎಣಿಕೆಯಾಗಿತ್ತು. ನಾವಿಬ್ಬರೂ ನಕ್ಕೆವು. ನಗುತ್ತ ನಗುತ್ತ ಅವ್ವ ಅಳತೊಡಗಿದಳು.

ಹೋದ ತಿಂಗಳು ಮತ್ತೊಂದು ಅಪ್‌ಡೇಟು ಬಂತು, ಚಿಗವ್ವಾ. ನಾಲ್ಕನೆಯ ದಿನ ಅವ್ವನ ಫೋನು. "ಸುಮ್ನ ಕುಂತಾಗ ನಡಗಾಕತ್ತೈತಿ ಬೇ ಇದು." ಗ್ರೂಪು ತೆರೆದರೆ ಅಲ್ಲೂ ಅದೇ ದೂರು, ಮೂರು ನಾಲ್ಕು ಜನರದು. ಏನು ಮಾಡಬೇಕೆಂದು ನನ್ನನ್ನೇ ಕೇಳುತ್ತಿದ್ದರು. 'ಇದು ವಾಚಿನ ತಪ್ಪು' ಎಂದು ನನ್ನ ಬೆರಳು ತಾನಾಗಿ ಬರೆದಿತ್ತು. ಕಳಿಸುವ ಮೊದಲು ಅಳಿಸಿದೆ. ಅಂಗಡಿಯವರಿಗೆ ಹೇಳಿ ಲಿಂಗಸುಗೂರಿನ ಬಸ್ಸು ಹತ್ತಿದೆ. ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಂತಷ್ಟು ಹೊತ್ತು ಕಿಟಕಿಯ ಹೊರಗೆ ನೋಡಲಾಗಲಿಲ್ಲ. ಮುಂದಿನ ಸೀಟಿನ ಕಬ್ಬಿಣವನ್ನು ಹಿಡಿದು ತಲೆ ತಗ್ಗಿಸಿ ಕುಳಿತಿದ್ದೆ.

ಅವ್ವನ ಮಣಿಕಟ್ಟನ್ನು ಹಿಡಿದು, ಹಿಂದೆ ನೀನು ತೋರಿಸಿಕೊಟ್ಟಂತೆ ಹೆಬ್ಬೆರಳಿನ ಬುಡದ ಕೆಳಗೆ ಮೂರು ಬೆರಳಿಟ್ಟೆ. ಒಂದು ನಿಮಿಷ. ಎಂಬತ್ತೆರಡು. ಸರಿಯಾಗಿಯೇ ಇತ್ತು. ಆದರೂ ಎಳೆದುಕೊಂಡು ದವಾಖಾನೆಗೆ ಹೋದೆ. ಇಸಿಜಿಯಲ್ಲೂ ಏನೂ ಬರಲಿಲ್ಲ. ಡಾಕ್ಟರು ವಾಚು ನೋಡಿದರು, ಅವ್ವನ ಕೆಲಸ ಕೇಳಿದರು. "ರೊಟ್ಟಿ ಬಡಿಯೋ ತಾಳಾನ ನಾಡಿ ಅಂತ ತಿಳಕೊಂಡಿರಬಹುದ್ರೀ. ವಾಚ್ ನಡಗಿದಾಗೊಮ್ಮೆ ಓಡಿ ಬರ್ಬ್ಯಾಡ್ರಿ" ಎಂದರು. ಹೊರಗೆ ಬಂದ ಅವ್ವ ದಾರಿಯುದ್ದಕ್ಕೂ ಬೈದಳು. "ನಾದಿದ ಹಿಟ್ಟು ಹಂಗ ಬಿಟ್ಟು ಬಂದೀನಿ. ಖಾನಾವಳಿಯವ್ರಿಗೆ ಏನ ಹೇಳ್ಲಿ?" ಬೈಗುಳ ಎಷ್ಟು ಹಿತವಾಗಿತ್ತು ಗೊತ್ತೇ? ಆದರೆ ಸಿಂಧನೂರು ಮುಟ್ಟುವ ಹೊತ್ತಿಗೆ ಮತ್ತೆ ಅನುಮಾನ. ಸುಮ್ಮನೆ ಕುಳಿತಾಗ ಎಂದಿದ್ದಳಲ್ಲ ಅವ್ವ? ಸುಮ್ಮನೆ ಕುಳಿತವಳು ರೊಟ್ಟಿ ಎಲ್ಲಿ ಬಡಿಯುತ್ತಾಳೆ?

ಎಂಟು ದಿನ ಬಿಟ್ಟು ಮತ್ತೆ ನಡುಗಿತು. ಈ ಸಲ ಅವ್ವ ನನಗೆ ಹೇಳಲೇ ಇಲ್ಲ. ಅವಳ ಫೋನಿನಿಂದ ನನ್ನ ಫೋನಿಗೆ ವಾಚಿನ ಲೆಕ್ಕ ಬರುವಂತೆ ಮಾಡಿಟ್ಟಿದ್ದೆ, ಅದರಲ್ಲಿ ಕಂಡಿತು. ಮತ್ತೆ ಬಸ್ಸು. ಅವ್ವ ಕಟ್ಟೆಯ ಮೇಲೆ ಕುಳಿತಿದ್ದಳು, ಮುಖ ಬಾಡಿತ್ತು.

"ನಾ ಒಲ್ಲೆ. ಆ ಡಾಕ್ಟರ್ ನಗ್ತಾರ."

"ನಗಲಿ."

"ವಾಚಿಂದ ತಪ್ಪು ಅಂತ ಅವ್ರೇ ಹೇಳ್ಯಾರಲ್ಲ?"

"ಅವ್ವಾ, ಹಂಗನ್ನಬ್ಯಾಡ!" ಎಂದು ಕೂಗಿಬಿಟ್ಟೆ. ಎದುರು ಮನೆಯವರು ಹೊರಗೆ ಬಂದು ನೋಡಿದರು. ಅವ್ವ ನನ್ನನ್ನೇ ದಿಟ್ಟಿಸಿದಳು. ಎದ್ದು ಸೆರಗು ಸರಿಪಡಿಸಿಕೊಂಡು ಚಪ್ಪಲಿ ಮೆಟ್ಟಿದಳು.

ದವಾಖಾನೆಯಲ್ಲಿ ಮಲಗಿಸಿ ತಂತಿಗಳನ್ನು ಹಚ್ಚಿದಾಗ ಬಡಿತ ಇನ್ನೂ ಹಾಗೆಯೇ ನಡೆದಿತ್ತು, ಒಮ್ಮೆ ಓಡುತ್ತ, ಒಮ್ಮೆ ತಡೆಯುತ್ತ. ಡಾಕ್ಟರು ನಗಲಿಲ್ಲ. ಕಾಗದವನ್ನು ಎರಡು ಸಲ ನೋಡಿದರು. ರಕ್ತ ಪರೀಕ್ಷೆ ಆಯಿತು. ಥೈರಾಯ್ಡ್ ಹೆಚ್ಚಾಗಿ ಅದು ಎದೆಯನ್ನು ಓಡಿಸುತ್ತಿದೆಯಂತೆ. ಗುಳಿಗೆಯಿಂದ ಹತೋಟಿಗೆ ಬರುತ್ತದೆ, ಬಿಟ್ಟಿದ್ದರೆ ಕಷ್ಟವಿತ್ತು ಎಂದರು. ಅಷ್ಟಾದ ಮೇಲೆ, ನೀನು ಹೋದ ಮೇಲೆ ನಿನ್ನ ಫೋನಿನಿಂದ ನನ್ನದಕ್ಕೆ ತೆಗೆದಿಟ್ಟುಕೊಂಡಿದ್ದ ನಿನ್ನ ಕೊನೆಯ ಮೂರು ದಿನಗಳ ನಾಡಿಯ ಗೆರೆಯನ್ನು ತೆರೆದು ಅವರ ಮುಂದಿಟ್ಟೆ. "ಇದು ತೀರಿಹೋದ ನಮ್ಮ ಚಿಗವ್ವಂದು, ಖರೆನೋ ಸುಳ್ಳೋ ಹೇಳ್ರಿ ಸರ್." ಅವರು ಬಹಳ ಹೊತ್ತು ನೋಡಿ ಹೇಳಿದರು: "ಈ ಗೆರಿ ನೋಡಿ ಹೇಳಾಕಾಗಲ್ಲಮ್ಮ. ಅವತ್ತು ಅವ್ರು ಬಂದಿದ್ರ ಹೇಳ್ತಿದ್ದೆ."

ಅಂದೇ ಗ್ರೂಪಿನ ಮೇಲಿಟ್ಟಿದ್ದ 'ಇದು ವಾಚಿನ ತಪ್ಪು' ಎಂಬ ಹಳೆಯ ಸಾಲನ್ನು ತೆಗೆದುಹಾಕಿದೆ. ಅದು ಇನ್ನೂ ಅಲ್ಲೇ ಇತ್ತು, ಚಿಗವ್ವಾ. ಬದಲಿಗೆ ಬರೆದೆ: "ವಾಚು ತಪ್ಪೋ ಸರಿಯೋ ನನಗೆ ಗೊತ್ತಿಲ್ಲ. ಮೈಗೆ ಸರಿಯಿಲ್ಲ ಅನಿಸಿದರೆ ನನ್ನನ್ನು ಕೇಳಬೇಡಿ, ದವಾಖಾನೆಗೆ ಹೋಗಿ." ಒಂದಿಬ್ಬರು ಸಿಟ್ಟಾಗಿ ಗ್ರೂಪು ಬಿಟ್ಟರು. ಮಾರಿದವಳೇ ಹೀಗೆಂದರೆ ಹೇಗೆ ಎಂದು ಅಂಗಡಿಯ ಮಾಲಕರೂ ಮುಖ ಗಂಟಿಕ್ಕಿದರು. ಉಳಿದವರು ಈಗ ಹೊಸ ಮಾಡೆಲ್ಲಿನ ಕನಸಿನಲ್ಲಿದ್ದಾರೆ. ಅದರೊಳಗೇ ಇಸಿಜಿ ಇರುತ್ತದಂತೆ, ಬಿಪಿ ಹೇಳುತ್ತದಂತೆ. ಬರಲಿ, ಒಳ್ಳೆಯದೇ. ನಾನೂ ಕಾಯುತ್ತಿದ್ದೇನೆ. ಆದರೆ ಯಾರಾದರೂ 'ಮುಂದಿನ ಅಪ್‌ಡೇಟ್ ಯಾವಾಗ?' ಎಂದರೆ ಈಗ ಗೊತ್ತಿಲ್ಲ ಎಂದೇ ಬರೆಯುತ್ತೇನೆ.

ಮೊನ್ನೆ ಭಾನುವಾರ ತುರ್ವಿಹಾಳಕ್ಕೆ ಹೋಗಿದ್ದೆ. ಕಾಕಾ ಗದ್ದೆಯ ಬದುವಿನ ಮೇಲೆ ಕುಳಿತಿದ್ದ. ಬುತ್ತಿ ಬಿಚ್ಚಿ ಅವನ ಮುಂದಿಟ್ಟು, ಅವನು ಉಂಡು ಕೈತೊಳೆಯುವ ತನಕ ತಡೆದೆ. ಆಮೇಲೆ ಎಲ್ಲ ಹೇಳಿದೆ: ನೀನು ಫೋನು ಮಾಡಿದ್ದು, ದಮ್ಮು ಎಂದಿದ್ದು, ನಾನು ನಿಂದೇನಿಲ್ಲ ಎಂದಿದ್ದು. ಹೊಡೆದರೆ ಹೊಡೆಯಲಿ ಎಂದು ತಲೆ ತಗ್ಗಿಸಿದ್ದೆ. ಕಾಕಾ ಮುಖವನ್ನು ಕಾಲುವೆಯ ಕಡೆ ತಿರುಗಿಸಿದ.

"ನನಗೂ ಹೇಳಿದ್ಲವ್ವ," ಎಂದ. "ಅವತ್ತ ಸಂಜಿಮುಂದ ಹೇಳಿದ್ಲು, ಎದಿ ಹಾರಾಕತ್ತೈತಿ, ಸಿಂಧನೂರಿಗೆ ಹೋಗಿ ಬರೂಣೇನು ಅಂತ. ಕಾಲಿವಿಗೆ ನೀರ ಬಿಟ್ಟಿದ್ರು. ನಮ್ಮ ಪಾಳಿ ಇತ್ತು. ನೀರ ಹಾಯಿಸಿ ಬರ್ತೀನಿ, ನಾಡಿದ್ದು ಹೋಗೂಣು ಅಂದೆ. ಯಾರ ಮುಂದ ಹೇಳ್ಲಿ ಇದನ್ನ?"

ನಿನಗೆ ಗೊತ್ತಿತ್ತು ಅಲ್ಲವೇ ಚಿಗವ್ವಾ? ನಿನ್ನ ಮೈಯ ಮಾತು ನಿನಗೆ ಕೇಳಿಸಿತ್ತು. ಒಂದೇ ದಿನದಲ್ಲಿ ಇಬ್ಬರನ್ನು ಕೇಳಿದ್ದೆ, ಇಬ್ಬರೂ ಆಮೇಲೆ ಎಂದಿದ್ದೆವು. ಇಷ್ಟು ದಿನ ನಾನೊಬ್ಬಳೇ ಹೊತ್ತಿದ್ದೇನೆ ಎಂದುಕೊಂಡಿದ್ದನ್ನು ಅವನೂ ಅಲ್ಲೇ, ಆ ಗದ್ದೆಯಲ್ಲಿ, ಒಬ್ಬನೇ ಹೊತ್ತು ಕುಳಿತಿದ್ದ. ಏಳುವಾಗ ಕಾಕಾ ಮೆಲ್ಲಗೆ ಹೇಳಿದ: "ನನಗೂ ಮುಂಜಾನಿ ಎದ್ದಕೂಡಲೆ ಎದಿ ಹಿಡದಂಗ ಆಗತೈತಿ ಸುಮಾ. ನಿಮ್ಮ ಚಿಗವ್ವ ಹ್ವಾದಾಗಿಂದ. ದುಃಖಕ್ಕಿರಬೇಕು ಅಂತ ಸುಮ್ನದೀನಿ."

ನಾನು ನಾಡಿದ್ದು ಎನ್ನಲಿಲ್ಲ. ಅಂದು ಭಾನುವಾರ, ಆದರೂ ಸಿಂಧನೂರಿನಲ್ಲಿ ಬಾಗಿಲು ತೆರೆದಿರುವ ದವಾಖಾನೆ ಇದ್ದೇ ಇತ್ತು. ಕೆಸರುಗಾಲಲ್ಲೇ ಅವನನ್ನು ಬಸ್ಸು ಹತ್ತಿಸಿದೆ. ಎದೆಯಲ್ಲಿ ಸದ್ಯಕ್ಕೆ ಗಾಬರಿಯಾಗುವಂಥದ್ದಿಲ್ಲ, ಬಿಪಿ ಮಾತ್ರ ಬಹಳ ಏರಿದೆ, ಇನ್ನೊಂದಿಷ್ಟು ಪರೀಕ್ಷೆ ಆಗಬೇಕು ಎಂದಿದ್ದಾರೆ. ಅದರ ರಿಪೋರ್ಟು ನಾಳೆ ಬರುತ್ತದೆ. ಏನಿದೆಯೋ ಗೊತ್ತಿಲ್ಲ, ಭಯವಾಗುತ್ತಿದೆ. ಇಪ್ಪತ್ತು ವರ್ಷ ನೀನು ಕರೆದರೂ ಸೂಜಿಗೆ ಹೆದರಿ ದವಾಖಾನೆಯ ಮೆಟ್ಟಿಲು ಹತ್ತದ ನಿನ್ನ ಗಂಡ ಮೊನ್ನೆ ತೋಳು ಚಾಚಿ ಕುಳಿತು ರಕ್ತ ಕೊಟ್ಟ ಚಿಗವ್ವಾ, ಕಣ್ಣು ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ನನ್ನ ಕೈಯನ್ನು ನೋವಾಗುವಷ್ಟು ಬಿಗಿಯಾಗಿ ಹಿಡಿದುಕೊಂಡು.

ನಿನ್ನ ಸುಮಾ