ಈಬೆನ್‌ಗಾಗಿ ಒಂಬತ್ತು ಮನೆಯ ಪ್ರಾರ್ಥನೆ

ನಾರ್ಡಾಲ್, ವಿಸ್ಕಾನ್ಸಿನ್
ಅಕ್ಟೋಬರ್ ೨೧, ಸೋಮವಾರ

ಪ್ರೀತಿಯ ವೆಂಡೆಲ್,

ನಿನಗೆ ಕಾಗದ ಬರೆದು ಇಪ್ಪತ್ತೇಳು ವರ್ಷವಾಯಿತು. ಮದುವೆಗೆ ಮುಂಚೆ ಬರೆದದ್ದೇ ಕಡೆ. ಒಂದೇ ಮನೆಯಲ್ಲಿರುವವನಿಗೆ ಕಾಗದ ಯಾಕೆ? ಏನಿದ್ದರೂ ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದರೆ ಮುಗಿಯುತ್ತಿತ್ತು. ಆದ್ದರಿಂದ ಅಕ್ಷರ ಸೊಟ್ಟಗಿದ್ದರೆ, ಮಾತು ಎಲ್ಲೆಲ್ಲೋ ಹೋದರೆ ಸಹಿಸಿಕೋ. ದೇವರ ದಯೆಯಿಂದ ನಾನು ಗಟ್ಟಿಯಾಗಿದ್ದೇನೆ. ನಾಯಿಗೆ ಎಡಗಿವಿ ಸೋರುತ್ತಿತ್ತು, ಈಗ ವಾಸಿ.

ಇದು ನಮ್ಮ ಫುಟ್‌ಬಾಲ್ ಆಟದ ಸುದ್ದಿ ತಿಳಿಸಲು ಬರೆಯುತ್ತಿರುವ ಕಾಗದ, ಬೇರೆ ಏನೂ ಅಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಡುಲೂತ್‌ನಲ್ಲಿ ನಿನ್ನ ಅಣ್ಣ ಲೀಲಂಡ್ ತನ್ನ ಟಿವಿಯಲ್ಲಿ ಆ ರಾಜ್ಯದ ತಂಡದ ಆಟ ಬಿಟ್ಟು ಇನ್ನೊಂದು ಹಾಕುವವನಲ್ಲ. ಹೋದ ವರ್ಷ ಕ್ರಿಸ್ಮಸ್ಸಿಗೆ ಬಂದಾಗಲೂ ನಮ್ಮ ತಂಡದ ಟೋಪಿಯನ್ನು ನಾಯಿಗೆ ಹಾಕಿ ನಕ್ಕವನು. ಅಂಥವನ ಮನೆಯಲ್ಲಿ ನೀನು ಏಳು ತಿಂಗಳಿಂದ ಸೂರಿನ ಮೇಲೆ ಹತ್ತಿ ಮಾಡು ರಿಪೇರಿ ಮಾಡುತ್ತಿದ್ದೀಯ. ಅದು ಮನೆಯೋ ಇಗರ್ಜಿಯೋ ದೇವರಿಗೇ ಗೊತ್ತು.

ನಮ್ಮವರು ಈ ಸಲ ಹಳೆಯ ಕ್ವಾರ್ಟರ್‌ಬ್ಯಾಕನ್ನು ಕಳಿಸಿಬಿಟ್ಟರಲ್ಲ, ಆ ಜಾಗಕ್ಕೆ ಬಂದಿರುವವನ ಹೆಸರು ಈಬೆನ್ ಪ್ರೂಯಿಟ್. ಒಕ್ಲಹೋಮಾದ ಯಾವುದೋ ಧೂಳಿನ ಊರಿನವನು. ಇಪ್ಪತ್ತೆರಡು ವರ್ಷ. ಕಾಲೇಜು ಮುಗಿಸಿ ಮೇ ತಿಂಗಳಲ್ಲಿ ಬಂದ, ಸೆಪ್ಟೆಂಬರಿನಲ್ಲಿ ತಂಡವನ್ನೇ ಅವನ ಕೈಗೆ ಕೊಟ್ಟರು. ಮೈದಾನದಲ್ಲಿ ಹನ್ನೊಂದು ಜನ ಇದ್ದರೂ ಚೆಂಡು ಮೊದಲು ಬರುವುದು ಅವನ ಕೈಗೆ, ಯಾರಿಗೆ ಎಸೆಯಬೇಕು ಅಂತ ಮೂರು ಕ್ಷಣದಲ್ಲಿ ತೀರ್ಮಾನಿಸಬೇಕಾದವನೂ ಅವನೇ, ಕಡೆಗೆ ಊರವರ ಬೈಗುಳ ತಿನ್ನುವವನೂ ಅವನೇ. ಕಿವಿ ದೊಡ್ಡವು. ಹೆಲ್ಮೆಟ್ ತೆಗೆದಾಗ ಕೆಂಪಗಾಗಿ ಆಚೆ ಬರುತ್ತವೆ.

ಮೊದಲ ಆಟವನ್ನು ನಾವೆಲ್ಲ ಚರ್ಚಿನ ನೆಲಮಾಳಿಗೆಯಲ್ಲಿ ನೋಡಿದೆವು. ಶಿಕಾಗೋದವರ ವಿರುದ್ಧ. ಪಾದ್ರಿಗಳು ಪ್ರಸಂಗವನ್ನು ಒಂಬತ್ತೇ ನಿಮಿಷಕ್ಕೆ ಮುಗಿಸಿದರು, ಅಷ್ಟು ಚೆನ್ನಾಗಿ ಅವರು ಎಂದೂ ಮಾತಾಡಿರಲಿಲ್ಲ. ಕೆಳಗೆ ಕಾಫಿ, ಚೌಕವಾಗಿ ಕತ್ತರಿಸಿದ ಸಿಹಿ ಬಾರ್ಸ್, ವರ್ನಾ ಮಾಡಿದ ಹ್ಯಾಮ್ ಸ್ಯಾಂಡ್‌ವಿಚ್. ಈಬೆನ್ ಎಸೆದ ಮೊದಲ ಚೆಂಡು ಸೀದಾ ಎದುರಾಳಿಯ ಕೈಗೆ ಹೋಯಿತು. ಎರಡನೆಯದೂ ಹಾಗೇ. ಮೂರನೆಯದು ಹೋದಾಗ ಮುದುಕ ಆರಿನ್ ಬಾಕೆ ಕುರ್ಚಿಯ ಮೇಲೆ ಕೋಲು ಕುಟ್ಟಿದ. "ಏ ಹುಡ್ಗಾ, ಅವ್ರು ನಮ್ಮೋರಲ್ಲ ಕಣೋ! ಅಂಗಿ ಬಣ್ಣ ನೋಡ್ಕೊಂಡ್ ಎಸಿ!" ಅಂದ. ಗ್ಲಾಡಿಸ್, "ಇವನಿಗಿಂತ ನಮ್ಮ ಪಾದ್ರಿಗಳೇ ವಾಸಿ, ಬ್ಯಾಪ್ಟಿಸಂ ಮಾಡುವಾಗ ಒಂದ್ ಮಗೂನೂ ಕೈ ಜಾರಿಸಿಲ್ಲ" ಅಂದಳು. ಪಾದ್ರಿಗಳು, "ಒಂದ್ಸಲ ಜಾರಿತ್ತು, ನೀವ್ಯಾರೂ ನೋಡ್ಲಿಲ್ಲ ಅಷ್ಟೆ" ಅಂದರು. ನೆಲಮಾಳಿಗೆ ಪೂರಾ ಬಿದ್ದು ಬಿದ್ದು ನಕ್ಕಿತು.

ಆಗ ಟಿವಿಯಲ್ಲಿ ಆ ಹುಡುಗನನ್ನು ತೋರಿಸಿದರು. ಬೆಂಚಿನ ತುದಿಯಲ್ಲಿ ಒಬ್ಬನೇ ಕೂತಿದ್ದ. ಕೈಗಳನ್ನು ಏನು ಮಾಡಬೇಕು ಅಂತ ತಿಳಿಯದೆ ಮೊಣಕಾಲಿಗೆ ಒರೆಸಿಕೊಳ್ಳುತ್ತಿದ್ದ. ಒರೆಸಿಕೊಂಡ, ಮತ್ತೆ ಒರೆಸಿಕೊಂಡ. ನಾನೂ ನಗಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ. ಯಾಕೆಂದು ನಿನಗೆ ಗೊತ್ತು, ವೆಂಡೆಲ್. ಮಾರ್ಚಿನಲ್ಲಿ ಅದೇ ನೆಲಮಾಳಿಗೆಯಲ್ಲಿ, ಅದೇ ಮೇಜಿನ ಹತ್ತಿರ, ನೀನು ಕಾಫಿ ಲೋಟ ಕೆಳಗಿಟ್ಟು ಅದೇ ಥರ ಕೈ ಒರೆಸಿಕೊಂಡೆ.

ಅದನ್ನು ಬರೆಯಬಾರದು ಅಂತ ಕೂತಿದ್ದೆ. ಬರೆದೇಬಿಡುತ್ತೇನೆ.

ಚೀಸ್ ಕಾರ್ಖಾನೆ ಮುಚ್ಚಿದ ಮೇಲೆ ಐವತ್ತನಾಲ್ಕನೆಯ ವಯಸ್ಸಿನಲ್ಲಿ ನೀನು ಶಾಲೆ ಬಸ್ಸು ಓಡಿಸಲು ಕಲಿತೆ. ರಾತ್ರಿ ಊಟವಾದ ಮೇಲೆ ನೀನು ಪುಸ್ತಕ ಹಿಡಿದು ಕೂರುತ್ತಿದ್ದೆ, ನಾನು ಪ್ರಶ್ನೆ ಕೇಳುತ್ತಿದ್ದೆ. ಪರೀಕ್ಷೆ ಪಾಸಾದ ದಿನ ಆ ಹಳದಿ ಬಸ್ಸನ್ನು ಮನೆ ಮುಂದೆ ತಂದು ನಿಲ್ಲಿಸಿ ಹಾರ್ನ್ ಹೊಡೆದೆ. ನಾನು ಕೈ ತುಂಬ ಹಿಟ್ಟಿನೊಂದಿಗೇ ಓಡಿ ಬಂದಿದ್ದೆ. ನಾಲ್ಕನೆಯ ದಿನ ಹಿಮದಲ್ಲಿ ತಿರುವು ತಪ್ಪಿ ಬಸ್ಸು ಹಳ್ಳಕ್ಕೆ ಇಳಿಯಿತು. ದೇವರು ದೊಡ್ಡವನು, ಒಂದು ಮಗುವಿಗೂ ಗೀರು ಬೀಳಲಿಲ್ಲ. ಭಾನುವಾರ ಎಲ್ಲರೂ ಅದನ್ನೇ ಎತ್ತಿ ಕಾಡಿಸುತ್ತಿದ್ದರು. ಬೇರೆಯವರು ಕಾಡಿಸಿದ್ದರೆ ನೀನು ತಡೆದುಕೊಳ್ಳುತ್ತಿದ್ದೆ. ನಾನು ಅಂದೆನಲ್ಲ, "ಇಪ್ಪತ್ತಾರು ವರ್ಷ ಚೀಸ್ ಮಗುಚಿದೋರು, ಬಸ್ಸನ್ನೂ ಮಗುಚೋಕೆ ಹೋದ್ರು" ಅಂತ. ಅವತ್ತು ಎಲ್ಲರಿಗಿಂತ ಹೆಚ್ಚು ನಗಿಸಿದವಳು ನಾನೇ. ನನಗೆ ಅದು ಹೆಮ್ಮೆಯಾಗಿತ್ತು. ಸೋಮವಾರ ನೀನು ಬಸ್ಸಿನ ಬೀಗದ ಕೈ ಶಾಲೆಗೆ ಕೊಟ್ಟು ಬಂದೆ. ಗುರುವಾರ ಲೀಲಂಡನ ಮಾಡು ರಿಪೇರಿಗೆ ಎರಡು ವಾರ ಹೋಗಿಬರುತ್ತೇನೆ ಅಂದೆ.

ನಾನು ಅದಕ್ಕೆ ಕ್ಷಮೆ ಕೇಳಲಿಲ್ಲ. ಫೋನಿನಲ್ಲಿ ಮನೆ ಬಿಸಿಮಾಡುವ ಯಂತ್ರದ ಫಿಲ್ಟರ್ ಯಾವ ಅಳತೆಯದು ಅಂತ ಎರಡು ಸಲ ಕೇಳಿದೆ. ಅಳತೆ ನನಗೆ ಗೊತ್ತಿತ್ತು.

ಸರಿ, ಆಟಕ್ಕೆ ಬರುತ್ತೇನೆ. ಆ ಭಾನುವಾರ ಸೋತೆವು. ಮನೆಗೆ ಬಂದ ಮೇಲೂ ಆ ಹುಡುಗನ ಕೈ ಕಣ್ಣ ಮುಂದಿನಿಂದ ಹೋಗಲಿಲ್ಲ. ಸೋಮವಾರ ಬೆಳಿಗ್ಗೆ ವರ್ನಾಗೆ ಫೋನು ಮಾಡಿ ಪ್ರಾರ್ಥನೆಯ ಸರಪಳಿಗೆ ಒಂದು ಹೆಸರು ಸೇರಿಸು ಅಂದೆ. "ಒಬ್ಬ ಇದಾನೆ ವರ್ನಾ. ಹೊಸ ಕೆಲಸ. ತಪ್ಪು ಮಾಡ್ತಿದಾನೆ, ಜನ ನಗ್ತಿದಾರೆ. ಕೆಲ್ಸ ಬಿಟ್ಟು ಓಡಿ ಹೋಗ್ದ ಹಾಗೆ ದೇವ್ರು ನೋಡ್ಕೋಬೇಕು" ಅಂದೆ. ಅವಳು ಪೆನ್ನು ಹುಡುಕಿಕೊಂಡು ಬಂದು, "ಹೆಸರು?" ಅಂದಳು. "ಈಬೆನ್" ಅಂದೆ.

ನಿನಗೆ ಗೊತ್ತಲ್ಲ, ವರ್ನಾ ಒಬ್ಬಳಿಗೆ ಫೋನು ಮಾಡಿದರೆ ಅವಳು ಇನ್ನೊಬ್ಬಳಿಗೆ, ಹೀಗೆ ಒಂಬತ್ತು ಮನೆ. ಒಂಬತ್ತನೆಯ ಮನೆ ಮುಟ್ಟುವ ಹೊತ್ತಿಗೆ ಈಬೆನ್ ನನ್ನ ತಂಗಿಯ ಮಗನಾಗಿದ್ದ, ಗರಗಸದ ಮಿಲ್ಲಿನಲ್ಲಿ ಕೆಲಸಕ್ಕೆ ಸೇರಿದ್ದ, ಒಂದು ಬೆರಳನ್ನೂ ಕಳೆದುಕೊಂಡಿದ್ದ. ಬುಧವಾರದೊಳಗೆ ನಮ್ಮ ಬಾಗಿಲಿಗೆ, ಸಮಾಧಾನಕ್ಕೆ ಅಂತ, ಓವನ್ನಿನಲ್ಲಿ ಬೇಯಿಸಿದ ನಾಲ್ಕು ಹಾಟ್‌ಡಿಶ್ ಬಂದವು. ಮೂರಕ್ಕೆ ಮೇಲೆ ಆಲೂಗಡ್ಡೆ, ಒಂದಕ್ಕೆ ನೂಡಲ್ಸ್. ಪಾತ್ರೆಯ ತಳದಲ್ಲಿ ಎಂದಿನಂತೆ ಪಟ್ಟಿ ಅಂಟಿಸಿ ಹೆಸರು ಬರೆದಿದ್ದರು. ತಂಗಿಯ ಮಗನಲ್ಲ ಅಂತ ಹೇಳಬೇಕಿತ್ತು. ಹೇಳಲಿಲ್ಲ. ಗ್ಲಾಡಿಸಳದನ್ನು ಮೂರು ದಿನ ತಿಂದೆ, ಉಪ್ಪು ಜಾಸ್ತಿಯಾಗಿತ್ತು.

ಮುಂದಿನ ಬುಧವಾರ ಚರ್ಚಿನ ಶರತ್ಕಾಲದ ಊಟಕ್ಕೆ ಲೆಫ್ಸ ರೊಟ್ಟಿ ಮಾಡಲು ಹೆಂಗಸರೆಲ್ಲ ಸೇರಿದೆವು. ತೊಳೆದ ಪಾತ್ರೆಗಳನ್ನು ಮೇಜಿನ ಮೇಲಿಟ್ಟು ನಿಜ ಹೇಳಿದೆ. ಅವನು ಯಾರೂ ಅಲ್ಲ, ನಮ್ಮ ಹೊಸ ಕ್ವಾರ್ಟರ್‌ಬ್ಯಾಕ್ ಅಂದೆ. ಲಟ್ಟಣಿಗೆಗಳೆಲ್ಲ ನಿಂತವು. ಗ್ಲಾಡಿಸ್ ಸೊಂಟದ ಮೇಲೆ ಕೈಯಿಟ್ಟಳು. "ನನ್ನ ಹಾಟ್‌ಡಿಶ್ಶು ಅವನಿಗೇನೇ? ಅವ್ನ ಸಂಬಳದಲ್ಲಿ ಈ ಊರನ್ನೇ ಕೊಂಡ್ಕೊಬೋದು ಕಣೇ ಮಾರ್ಲಿಸ್! ನಾನು ಆ ಬೆರಳಿಗೆ ಅಂತ ಮೊಣಕಾಲೂರಿ ಅತ್ತಿದೀನಿ!" ಮಿಕ್ಕವರು ಕಣ್ಣೀರು ಬರುವಷ್ಟು ನಕ್ಕರು. ನನ್ನ ಮುಖಕ್ಕೆಲ್ಲ ಹಿಟ್ಟು.

ವರ್ನಾ ಮಾತ್ರ ರೊಟ್ಟಿಯಿಂದ ತಲೆಯೆತ್ತದೆ ಹೇಳಿದಳು. "ನಂಗೆ ಫೋನಲ್ಲೇ ಗೊತ್ತಾಗಿತ್ತು ಬಿಡು. ಎಲ್ರಿಗೂ ಈಬೆನ್ ಅಂತಲೇ ಹೇಳ್ದೆ, ನೀನು ಹಾಗೆ ಹೇಳು ಅಂದೆಯಲ್ಲ. ನಾನು ಪ್ರಾರ್ಥನೆ ಮಾಡೋವಾಗ ವೆಂಡೆಲ್ ಅಂತ ಹೇಳ್ಕೊಂಡೆ."

ಆಮೇಲೆ ಯಾರೂ ನಗಲಿಲ್ಲ. ನಾನು ಹೋಗಿ ತೊಳೆದಿದ್ದ ಲೋಟಗಳನ್ನೇ ಮತ್ತೆ ತೊಳೆದೆ. ಆರು ತಿಂಗಳು ನಿನ್ನ ಹೆಸರನ್ನು ಆ ಸರಪಳಿಗೆ ಕೊಡಲು ನನಗೆ ನಾಚಿಕೆ. ಹೆಸರು ಕೊಟ್ಟರೆ ಗಂಡ ಬಿಟ್ಟು ಹೋದ ಅಂತ ಊರಿಗೆ ತಿಳಿಯುತ್ತೆ ಅಂತ. ಊರಿಗೆ ಏಪ್ರಿಲ್‌ನಲ್ಲೇ ತಿಳಿದಿತ್ತಂತೆ. ಮಾಡು ರಿಪೇರಿ ಅಂತ ನಾನು ಹೇಳುತ್ತಾ ಬಂದದ್ದನ್ನು ಅವರು ಮರ್ಯಾದೆಗೆ ನಂಬುತ್ತಾ ಬಂದಿದ್ದರು.

ಆ ಭಾನುವಾರ ಕಾಫಿಯ ಹೊತ್ತಿನಲ್ಲಿ ಎದ್ದು ನಿಂತು ಹೇಳಿದೆ. ಎಲ್ಲರ ಮುಂದೆ ಆಡಿದ ಮಾತನ್ನು ಎಲ್ಲರ ಮುಂದೆಯೇ ಹಿಂದಕ್ಕೆ ತೆಗೆದುಕೊಳ್ಳಬೇಕು ಅಂತ ಅನ್ನಿಸಿತು. ಮಾರ್ಚಿನಲ್ಲಿ ನನ್ನ ಗಂಡನನ್ನು ಇಲ್ಲಿ ನಗೆಪಾಟಲು ಮಾಡಿದ್ದು ತಪ್ಪು, ಅವನು ಆ ವಯಸ್ಸಿನಲ್ಲಿ ಹೊಸದು ಕಲಿತ, ನಿಮ್ಮಲ್ಲಿ ಯಾರು ಕಲಿತಿದ್ದೀರಿ ಅಂದೆ. ಕಡೆಯ ಮಾತು ಸ್ವಲ್ಪ ಜೋರಾಯಿತು. ಆರಿನ್ ಬಾಕೆ ಗಂಟಲು ಸರಿಮಾಡಿಕೊಂಡು, "ನಾನೂ ನಕ್ಕಿದ್ದೆ. ಅವ್ನು ಬಂದ್ರೆ ನಾನೇ ಹೇಳ್ತೀನಿ. ಕಿವಿ ಕೇಳಲ್ಲ ನಂಗೆ, ಎಲ್ರೂ ನಗ್ತಿದ್ರು ಅಂತ ನಕ್ಕೆ" ಅಂದ. ಅದು ಸುಳ್ಳು, ಅವನಿಗೆ ಬೇಕಾದದ್ದು ಕೇಳುತ್ತೆ. ಆದರೂ ಅವನ ಬಾಯಿಂದ ಅಷ್ಟು ಬಂತಲ್ಲ.

ಈಬೆನ್ ಮೊದಲ ಮೂರು ಆಟ ಸೋತ. ನಾಲ್ಕನೆಯದು ಗೆದ್ದ. ಐದನೆಯದರಲ್ಲಿ ಕೆಡವಿ ಕೆಡವಿ ಹಾಕಿದರು, ಒಂಬತ್ತು ಸಲ ಬಿದ್ದ, ನಾನು ಎಣಿಸಿದ್ದೇನೆ. ಒಂಬತ್ತು ಸಲವೂ ತನ್ನನ್ನು ಬೀಳಿಸಿದವನ ಕೈ ಹಿಡಿದೇ ಎದ್ದ. ಆರನೆಯದು ಗೆದ್ದ. ದೇವರ ಹತ್ತಿರ ಆಟ ಗೆಲ್ಲಿಸು ಅಂತ ಕೇಳಬಾರದು ಅಂತ ನಮ್ಮಮ್ಮ ಹೇಳುತ್ತಿದ್ದಳು. ನಾನು ಅವನಿಗೆ ಧೈರ್ಯ ಕೊಡು ಅಂತ ಮಾತ್ರ ಕೇಳುತ್ತೇನೆ. ಒಂದು ಸಲ ಗೆಲ್ಲಿಸು ಅಂತಲೂ ಕೇಳಿದೆ. ಪಶ್ಚಾತ್ತಾಪ ಪಟ್ಟಿದ್ದೇನೆ, ಪೂರ್ತಿ ಅಲ್ಲ.

ನಿನ್ನೆಯದು ಏಳನೆಯ ಆಟ. ಮನೆಯಲ್ಲೇ ನೋಡಿದೆ. ಯಾವಾಗಲೂ ನಾವು ಮಾಡುವ ಹಾಗೆ ಟಿವಿಯ ಬಾಯಿ ಮುಚ್ಚಿ, ನಮ್ಮ ಊರ ಕಡೆಯ ರೇಡಿಯೋ ಹಾಕಿಕೊಂಡೆ. ಆದರೆ ಮೇ ತಿಂಗಳ ಗಾಳಿಗೆ ಮಾಡಿನ ಮೇಲಿನ ಆಂಟೆನಾ ಬಿದ್ದುಹೋಯಿತು. (ಹೌದು, ನಮ್ಮ ಮನೆಗೂ ಒಂದು ಮಾಡು ಇದೆ.) ಅಂಗಡಿಯವನು ಬಂದು ಇಂಟರ್ನೆಟ್ಟಿನ ಡಬ್ಬಿ ಕೂರಿಸಿದ. ಅದರಲ್ಲಿ ಚಿತ್ರ ಅರ್ಧ ನಿಮಿಷ ತಡ. ರೇಡಿಯೋದವನು ಚೆಂಡು ಬಿತ್ತು ಅಂದಾಗ ಟಿವಿಯಲ್ಲಿ ಇನ್ನೂ ಎಲ್ಲರೂ ಸಾಲಾಗಿ ಬಗ್ಗಿ ನಿಂತಿರುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು.

ನಿನ್ನೆ ನಾಲ್ಕು ಅಂಕ ಹಿಂದಿದ್ದೆವು. ನಲವತ್ತು ಸೆಕೆಂಡು ಉಳಿದಿತ್ತು. ಒಂದು ನಿಮಿಷ ಮುಂಚೆ ಅವನು ಎಸೆದದ್ದು ಹಿಡಿಯುವವನ ಕೈಯಿಂದ ಜಾರಿ ಬಿದ್ದಿತ್ತು, ಜನ ಹೋ ಅಂತ ಕೂಗಿದ್ದರು. ಆಗ ರೇಡಿಯೋದವನು ಇದ್ದಕ್ಕಿದ್ದ ಹಾಗೆ ಹುಚ್ಚನಂತೆ ಕಿರುಚಿದ. ಟಚ್‌ಡೌನ್! ಆರು ಅಂಕ! ನಾನು ಕುರ್ಚಿಯಿಂದ ಎದ್ದುಬಿಟ್ಟೆ, ನಾಯಿ ಬೊಗಳಿತು. ಟಿವಿಯಲ್ಲಿ ಮಾತ್ರ ಆ ಹುಡುಗ ಇನ್ನೂ ಚೆಂಡನ್ನೇ ಮುಟ್ಟಿಲ್ಲ. ಬೆದರಿದ ಮುಖ, ಎದುರಿಗೆ ನುಗ್ಗಲು ಕಾದಿರುವ ಅಷ್ಟು ಜನ. ಗೆದ್ದಿದ್ದೀಯ ಮಗ, ನಿನಗೆ ಗೊತ್ತಿಲ್ಲ ಅಷ್ಟೆ ಅಂತ ಟಿವಿಗೆ ಹೇಳಿದೆ. ಅವನು ಕೈ ಜಾರಿಸಿದವನಿಗೇ ಮತ್ತೆ ಎಸೆದ. ಇನ್ನಾರಿಗೂ ಅಲ್ಲ, ಅವನಿಗೇ. ಚೆಂಡು ಎಷ್ಟೋ ಹೊತ್ತು ಗಾಳಿಯಲ್ಲಿತ್ತು. ನನಗೆ ಒಂಚೂರೂ ಹೆದರಿಕೆಯಾಗಲಿಲ್ಲ. ನಂಬಿಕೆ ಅಂದರೆ ಇದೇ ಇರಬೇಕು ಅಂತ ಅನ್ನಿಸಿತು. ಪಾದ್ರಿಗಳಿಗೆ ಹೇಳಿದರೆ ಪ್ರಸಂಗಕ್ಕೆ ಹಾಕಿಕೊಂಡು ಇಪ್ಪತ್ತು ನಿಮಿಷ ಮಾಡುತ್ತಾರೆ, ಅದಕ್ಕೇ ನಿನಗೆ ಮಾತ್ರ ಬರೆದೆ.

ನಮ್ಮಿಬ್ಬರ ವಿಷಯದಲ್ಲಿ ನನಗೆ ಅಂಥ ರೇಡಿಯೋ ಇಲ್ಲ. ನೀನು ಬರುತ್ತೀಯೋ ಇಲ್ಲವೋ ಯಾರೂ ಮುಂಚೆ ಕೂಗಿ ಹೇಳುವುದಿಲ್ಲ. ಹೆದರಿಕೊಂಡೇ ಕೇಳುತ್ತೇನೆ. ನವೆಂಬರ್ ಹತ್ತನೆಯ ತಾರೀಖು, ಭಾನುವಾರ, ಬಾ. ಚರ್ಚಿಗೆ ಬರಬೇಕು ಅಂತೇನೂ ಇಲ್ಲ. ಹನ್ನೊಂದೂವರೆಗೆ ಮನೆಗೆ ಬಂದರೆ ಸಾಕು. ಹಂದಿ ಮಾಂಸ ಹುರಿದು, ಹುಳಿ ಎಲೆಕೋಸು ಮಾಡುತ್ತೇನೆ. ಬಸ್ಸಿನ ಕೆಲಸಕ್ಕೆ ಇನ್ನೂ ಜನ ಸಿಕ್ಕಿಲ್ಲವಂತೆ, ಆದರೆ ಅದಕ್ಕಾಗಿ ಬರಬೇಡ, ಅದನ್ನು ನಾನು ಎತ್ತುವುದೂ ಇಲ್ಲ.

ನಾನು ಅಂದದ್ದಕ್ಕೆ ಕ್ಷಮಿಸು, ವೆಂಡೆಲ್. ಇಡೀ ಕಾಗದದಲ್ಲಿ ಈ ಒಂದು ಸಾಲು ಬರೆಯುವುದೇ ಕಷ್ಟವಾಯಿತು, ಮಿಕ್ಕಿದ್ದೆಲ್ಲ ಸಲೀಸಾಗಿ ಬಂತು.

ಚಳಿಗೆ ಕಿವಿ ಮುಚ್ಚಿಕೋ. ಮಾಡಿನ ಮೇಲೆ ಹತ್ತುವಾಗ ಹಗ್ಗ ಕಟ್ಟಿಕೋ.

ದೇವರು ನಿನ್ನನ್ನು ಕಾಯಲಿ ಎಂದು ಈಗ ಹೆಸರು ಹಿಡಿದೇ ಕೇಳಿಕೊಳ್ಳುತ್ತಿರುವ
ನಿನ್ನ ಮಾರ್ಲಿಸ್

ಮತ್ತೆ: ಕವರು ಅಂಟಿಸುವ ಮೊದಲು ಇದನ್ನು ಹೇಳದಿದ್ದರೆ ಮೋಸವಾಗುತ್ತೆ. ಪ್ರತಿ ತಂಡಕ್ಕೂ ವರ್ಷದಲ್ಲಿ ಒಂದು ಭಾನುವಾರ ಬಿಡುವು ಇರುತ್ತಲ್ಲ, ಈ ಸಲ ನಮ್ಮವರದು ನವೆಂಬರ್ ಹತ್ತು. ಅವತ್ತು ನಮಗೆ ಆಟವೇ ಇಲ್ಲ. ಪಟ್ಟಿ ನೋಡಿಯೇ ಆ ದಿನ ಆರಿಸಿದೆ. ಆಟ ನೋಡೋಕೆ ಕರೆದೆ ಅಂತ ನಾನು ಹೇಳಿಕೊಳ್ಳುವ ಹಾಗಿಲ್ಲ, ಆಟ ನೋಡೋಕೆ ಬಂದೆ ಅಂತ ನೀನೂ ಹೇಳುವ ಹಾಗಿಲ್ಲ.