ವಿರೋಧದ ಹಾಳೆ

ಮನೆ, ಊಟದ ಮೇಜು
ಬುಧವಾರ, ಹದಿನಾಲ್ಕನೆಯ ತಾರೀಕು, ಬೆಳಿಗ್ಗೆ

ನಮ್ಮ ವಕೀಲನ ಅಮ್ಮನಿಗೆ,

ನಿನ್ನ ಮೊಣಕಾಲಿನ ನೋವು ಈಗ ಹೇಗಿದೆ? ನಿನ್ನ ಅಣ್ಣನ ಮನೆಯಲ್ಲಿ ಮೆಟ್ಟಿಲುಗಳು ಹೆಚ್ಚು. ದಿನಕ್ಕೆ ಎರಡು ಸಲಕ್ಕಿಂತ ಹೆಚ್ಚು ಹತ್ತಿಳಿಯಬೇಡ. ಕನ್ನಡಕದ ಅಂಗಡಿಯಿಂದ ಫೋನ್ ಬಂದಿತ್ತು. ನೀನು ಯಾವಾಗ ಕೆಲಸಕ್ಕೆ ಮರಳಿದರೂ ನಿನ್ನ ಕುರ್ಚಿ ನಿನಗೇ ಎಂದರು. ನಾನು ಆರೋಗ್ಯವಾಗಿದ್ದೇನೆ. ಅಡುಗೆ ನಾನೇ ಮಾಡಿಕೊಳ್ಳುತ್ತಿದ್ದೇನೆ, ಒಂದು ದಿನ ಉಪ್ಪು ಹೆಚ್ಚು, ಒಂದು ದಿನ ಕಡಿಮೆ. ಇಪ್ಪತ್ತಾರು ವರ್ಷ ಊರಿನ ತಕ್ಕಡಿಗಳನ್ನು ಪರೀಕ್ಷಿಸಿದ ಅಧಿಕಾರಿಯ ಕೈಗೆ ಒಂದು ಚಿಟಿಕೆಯ ಅಳತೆ ದಕ್ಕುತ್ತಿಲ್ಲವೆಂದರೆ ನಿನಗೆ ನಗು ಬರಬಹುದು. ಬಂದರೆ ತಡೆಯಬೇಡ.

ಭಾನುವಾರ ಬಡಾವಣೆಯ ಸಂಘದವರು ಸಭೆ ಕರೆದಿದ್ದರು. ಮೇಜಿನ ಮೇಲೆ ನಮ್ಮ ಮಗನ ಫೋಟೋ ಇಟ್ಟಿದ್ದರು. ಯುದ್ಧದ ಕಂಪ್ಯೂಟರ್ ಆಟಗಳನ್ನು ಯಾರ ಮನೆಯಲ್ಲೂ ಇಟ್ಟುಕೊಳ್ಳಬಾರದೆಂಬ ನಿರ್ಣಯ, ಅದರ ಕೆಳಗೆ ಮೊದಲ ಸಹಿ ನನ್ನದಾಗಬೇಕು, ಮೊದಲ ಭಾಷಣವೂ ನನ್ನದಾಗಬೇಕು ಎಂಬುದು ಅವರ ಅಪೇಕ್ಷೆ. ಕಾರ್ಯದರ್ಶಿಗಳು ನನ್ನ ಕೈ ಹಿಡಿದುಕೊಂಡು, 'ಸಾರ್, ನೀವು ಕಾಲೇಜಿನಲ್ಲೇ ಚರ್ಚಾಪಟು. ನೀವು ಹೇಳಿದ್ರೆ ಅದರ ತೂಕವೇ ಬೇರೆ' ಎಂದರು. ನಾನು ಎದ್ದು ನಿಂತು, ಬಿಡುವು ಮಾಡಿಕೊಂಡು ಬಂದ ಎಲ್ಲರಿಗೂ ಕೃತಜ್ಞತೆ ಸಲ್ಲಿಸಿದೆ. ನನ್ನ ಮಗನನ್ನು ಆಸ್ಪತ್ರೆಗೆ ಒಯ್ಯುವಾಗ ಲಿಫ್ಟ್ ಹಿಡಿದು ನಿಲ್ಲಿಸಿದವರಿಗೆ ಪ್ರತ್ಯೇಕವಾಗಿ ಸಲ್ಲಿಸಿದೆ. ಅನಂತರ, ನಿಮ್ಮ ಅನುಕಂಪವನ್ನು ಮಾತ್ರ ನಾನು ಸ್ವೀಕರಿಸಲಾರೆ, ಏಕೆಂದರೆ ಅದರೊಳಗೆ ಒಂದು ತೀರ್ಪನ್ನು ಸುತ್ತಿ ಕೊಡುತ್ತಿದ್ದೀರಿ, ಎಂದು ಹೇಳಿ ಕುಳಿತೆ. ನಿರ್ಣಯವನ್ನು ಶುಕ್ರವಾರಕ್ಕೆ ಮುಂದೂಡಿದರು. ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಒಬ್ಬರು ಇನ್ನೊಬ್ಬರಿಗೆ, 'ಪಾಪ, ತಲೆ ನೆಟ್ಟಗಿಲ್ಲ' ಎಂದದ್ದು ಕೇಳಿಸಿತು. ನನ್ನ ಕಿವಿಯಂತೂ ನೆಟ್ಟಗಿದೆ.

ತಪ್ಪು ಆಟದ್ದೇ ಎಂಬ ಅವರ ತೀರ್ಪೇ ನಿನ್ನದೂ ಎಂದು ನನಗೆ ಗೊತ್ತು. 'ಆ ಕಂಪ್ಯೂಟರ್ ಮನೆಯಿಂದ ಹೋಗೋವರೆಗೂ ನಾನು ಬರಲ್ಲ' ಎಂದು ಹೇಳಿ ಹೋಗಿ ಐದು ವಾರವಾಯಿತು. ನಿನ್ನ ಅಣ್ಣನಂತೂ ಪ್ರತಿ ಸಲ ಫೋನಿನಲ್ಲಿ, 'ಭಾವ, ಆ ದರಿದ್ರ ಪೆಟ್ಟಿಗೆ ಗುಜರಿಗೆ ಹಾಕಿಬಿಡಿ, ನಾನೇ ಗಾಡಿ ತರ್ತೀನಿ' ಎನ್ನುತ್ತಾನೆ. ಮೆದುಳಿನ ರಕ್ತನಾಳವೊಂದು ಹುಟ್ಟಿನಿಂದಲೇ ದುರ್ಬಲವಾಗಿತ್ತು, ಅದು ಎಲ್ಲಿ ಬೇಕಾದರೂ ಒಡೆಯಬಹುದಿತ್ತು, ಎಂದು ವೈದ್ಯರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಆದರೆ ಅದು ಒಡೆದಾಗ ಅವನು ಕಂಪ್ಯೂಟರಿನ ಮುಂದಿನ ಆ ಕುರ್ಚಿಯಲ್ಲಿದ್ದ, ಹೆಡ್‌ಫೋನ್ ಕುತ್ತಿಗೆಯಲ್ಲಿತ್ತು. ನೀನು ಕಂಡದ್ದು ಅಷ್ಟು.

ನಮ್ಮ ಮನೆಯ ಪದ್ಧತಿ ನಿನಗೆ ನೆನಪಿದೆ. ಸೈಕಲ್ ಬೇಕಾದರೂ, ಪ್ರವಾಸಕ್ಕೆ ಹೋಗಬೇಕಾದರೂ, ಎರಡು ಹಾಳೆ: ಒಂದರಲ್ಲಿ ಪರ, ಇನ್ನೊಂದರಲ್ಲಿ ವಿರೋಧ. ವಿರೋಧದ ಹಾಳೆ ಬಲವಾಗಿದ್ದು, ಅದಕ್ಕೆ ಉತ್ತರವೂ ಇದ್ದರೆ ಮಂಜೂರು. ಏಳನೆಯ ವಯಸ್ಸಿನಲ್ಲಿ ಬೆಕ್ಕಿನ ಮರಿಗಾಗಿ ಅವನು ಎರಡು ಹಾಳೆ ಬರೆದಾಗ ನೀನೇ ಅವನಿಗೆ ವಕೀಲನೆಂದು ಹೆಸರಿಟ್ಟೆ; ನನ್ನನ್ನು ಅಧ್ಯಕ್ಷರೆಂದು ಕರೆದದ್ದೂ ಆ ದಿನವೇ. ಆಗಲೇ ಆಡುತ್ತಿದ್ದ ಈ ಆಟಕ್ಕೂ, ನಾನು ಕೇಳಿದ ಮೇಲೆ, ಬರೆದ. ಪರವಾಗಿ ಮೂರು ಪುಟ, ವಿರೋಧವಾಗಿ 'ಸಮಯ ಹೋಗುತ್ತದೆ' ಎಂಬ ಒಂದೇ ಸಾಲು. ನಾನು ಕೆಂಪು ಶಾಯಿಯಲ್ಲಿ, 'ಎದುರಾಳಿಯನ್ನು ನೀನು ಭೇಟಿಯೇ ಆಗಿಲ್ಲ. ಮರಳಿ ಬರೆ' ಎಂದು ಬರೆದು ಹಿಂದಿರುಗಿಸಿದೆ. 'ಹೆತ್ತ ಮಗನಿಗೂ ಮೆಮೋ ಕೊಡ್ತೀರಲ್ಲ' ಎಂದು ನೀನು ನಕ್ಕೆ.

ಕಳೆದ ಮೂರು ವಾರದಿಂದ ನಾನೇ ಆ ಆಟ ಆಡುತ್ತಿದ್ದೇನೆ. ಕಾಗದವನ್ನು ಮೇಜಿಗೆ ಎಸೆಯಬೇಡ, ಪೂರ್ತಿ ಓದು. ಅವನಿಗೆ ನಾಲ್ವರ ತಂಡವಿತ್ತು. ಉಳಿದ ಮೂವರೆಂದರೆ ಒಬ್ಬ ಲಾರಿ ಮೆಕ್ಯಾನಿಕ್, ಒಬ್ಬ ಶಾಲಾ ಮೇಷ್ಟ್ರು, ಪರೀಕ್ಷೆಗೆ ಓದುತ್ತಿರುವ ಒಬ್ಬಳು ಹುಡುಗಿ. ಸುದ್ದಿ ತಿಳಿದ ಮೇಲೂ ನಾಲ್ಕನೆಯ ಜಾಗಕ್ಕೆ ಬೇರೆ ಯಾರನ್ನೂ ಸೇರಿಸಿಕೊಂಡಿರಲಿಲ್ಲ. ಮೊದಲ ದಿನ ನಾನು ಮೈಕಿನಲ್ಲಿ 'ಮಾನ್ಯರೇ' ಎಂದು ಆರಂಭಿಸಿದೆ. ಕೂಡಲೇ ಹುಡುಗಿ, 'ಅಂಕಲ್, ಗೋಡೆ ನೋಡ್ಕೊಂಡು ನಿಂತಿದ್ದೀರ, ಶತ್ರು ಹಿಂದೆ ಇದ್ದಾನೆ' ಎಂದಳು. ನಾನು ತಿರುಗಿ ಗುಂಡು ಹಾರಿಸಿದೆ. ಮೆಕ್ಯಾನಿಕ್ ಬಹಳ ತಾಳ್ಮೆಯಿಂದ, 'ಅಂಕಲ್, ಅದು ನಾನು' ಎಂದ.

ಆಟದ ದೋಷಗಳನ್ನು ಮೊದಲು ಹೇಳುತ್ತೇನೆ. ಅದರ ಕಥಾಭಾಗ ಒಂದೇ ಪಕ್ಷ ಮಾತನಾಡುವ ಚರ್ಚೆ. ಶತ್ರುವಿಗೆ ಮುಖವೂ ಇಲ್ಲ, ಒಂದು ಪೂರ್ಣ ವಾಕ್ಯವೂ ಇಲ್ಲ, ಬೀಳುವಾಗ ಒಂದು ಕೂಗು ಮಾತ್ರ. ನಾವು ಕಾದಾಡುವ ಊರಿನ ಮನೆಗಳಲ್ಲಿ ಒಲೆಯ ಮೇಲೆ ಪಾತ್ರೆಯಿದೆ, ಬಾಗಿಲಲ್ಲಿ ಮಗುವಿನ ಬೂಟುಗಳಿವೆ, ಜನರೇ ಇಲ್ಲ. ಅವರೆಲ್ಲಿ ಹೋದರೆಂದು ನಾನು ಕೇಳಿದೆ. 'ಅದನ್ನ ಯಾರೂ ಕೇಳಲ್ಲ ಸಾರ್' ಎಂದರು ಮೇಷ್ಟ್ರು. ಬಂದೂಕಿನ ತೂಕವನ್ನು ಗ್ರಾಮುಗಳಲ್ಲಿ ಬರೆಯುತ್ತಾರೆ, ಆದರೆ ಅದನ್ನು ಹೊತ್ತು ಮೂರು ಮಹಡಿ ಹತ್ತಿದವನಿಗೆ ಏದುಸಿರಿಲ್ಲ. ನನ್ನ ಕಚೇರಿಗೆ ಬಂದಿದ್ದರೆ ಇಂಥ ತಕ್ಕಡಿಗೆ ನಾನು ಮುದ್ರೆ ಒತ್ತುತ್ತಿರಲಿಲ್ಲ.

ಈಗ ಗುಣ. ಅದರ ಶಬ್ದದಲ್ಲಿ ಸುಳ್ಳಿಲ್ಲ. ಕಣ್ಣು ಮುಚ್ಚಿ ಕುಳಿತರೂ ಮೇಲಿನ ಹೆಜ್ಜೆ ಹಲಗೆಯ ಮೇಲೋ ತಗಡಿನ ಮೇಲೋ ತಿಳಿಯುತ್ತದೆ. ಒಬ್ಬನೇ ಶೂರನಾಗಲು ಅದು ಬಿಡುವುದಿಲ್ಲ. ಜೊತೆಯವರ ಮಾತು ಕೇಳದವನು ಎರಡು ನಿಮಿಷದಲ್ಲಿ ನೆಲದ ಮೇಲಿರುತ್ತಾನೆ. ಇದನ್ನು ನಾನು ಇಪ್ಪತ್ತಮೂರು ಸಲ ಕಲಿತೆ. ಬಿದ್ದವನನ್ನು ಎಬ್ಬಿಸಬೇಕಾದರೆ ಬಯಲಿನಲ್ಲಿ, ಗುಂಡುಗಳ ನಡುವೆ, ಅವನ ಪಕ್ಕ ಐದು ಸೆಕೆಂಡು ಮಂಡಿಯೂರಬೇಕು. ಆ ಐದು ಸೆಕೆಂಡು ಕೈಯಲ್ಲಿ ಆಯುಧವಿರುವುದಿಲ್ಲ. ನಮ್ಮ ಮಗನಿಗೆ ಆ ತಂಡದಲ್ಲಿದ್ದ ಕೆಲಸ ಅದೊಂದೇ. ಅವರು ಅವನನ್ನು ಡಾಕ್ಟ್ರೇ ಎಂದು ಕರೆಯುತ್ತಿದ್ದರಂತೆ. 'ಗುರಿ ಕಟ್ಟೋದು ಬರ್ತಾನೇ ಇರ್ಲಿಲ್ಲ ಅಂಕಲ್, ಆದ್ರೆ ಬಿದ್ದೋರನ್ನ ಬಿಟ್ಟು ಹೋದವನಲ್ಲ' ಎಂದ ಮೆಕ್ಯಾನಿಕ್. ಆಟದ ಲೆಕ್ಕದ ಪುಟದಲ್ಲಿ ನೋಡಿದೆ: ಕೊಂದದ್ದು ಇನ್ನೂರ ಹನ್ನೊಂದು, ಎಬ್ಬಿಸಿದ್ದು ನಾಲ್ಕು ಸಾವಿರಕ್ಕೂ ಮೇಲು. ಮುಚ್ಚಿದ ಬಾಗಿಲಿನ ಹೊರಗೆ ನಿಂತು ನಾವಿಬ್ಬರೂ ಕೇಳಿಸಿಕೊಂಡದ್ದು ಗುಂಡಿನ ಸದ್ದನ್ನು ಮಾತ್ರ.

ಆದ್ದರಿಂದ ಕಂಪ್ಯೂಟರ್ ಈ ಮನೆಯಲ್ಲೇ ಇರುತ್ತದೆ. ಗಾಡಿ ತರುವ ಶ್ರಮ ನಿನ್ನ ಅಣ್ಣನಿಗೆ ಬೇಡ. ಅವನಿಗೆ ನನ್ನ ವಂದನೆಗಳು, ಅವನ ಸಲಹೆಗಳಿಗಲ್ಲ. ಕಾಲಿಗೆ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡ. ನಿನ್ನ ಹಸಿರು ಶಾಲು ಒಗೆದು ಮಡಿಸಿಟ್ಟಿದ್ದೇನೆ, ಯಾರಾದರೂ ಆ ಕಡೆ ಹೋಗುವವರಿದ್ದರೆ ಕಳಿಸುತ್ತೇನೆ. ನಿನಗೆ ನೆಮ್ಮದಿ ಸಿಗಲಿ, ಸಿಟ್ಟು ಇದ್ದರೆ ಇರಲಿ.

ಇಂತಿ,
ನಿನ್ನ ಅಧ್ಯಕ್ಷ

ತಾ.ಕ.: ಲಕೋಟೆ ಅಂಟಿಸಿದ್ದವನು ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ. ಅವನು ಆ ದಿನ ಆಡುತ್ತಿರಲಿಲ್ಲ. ಆಡಲು ಸಾಧ್ಯವಿರಲಿಲ್ಲ. ವಿರೋಧದ ಹಾಳೆ ಬರೆದು ಕೊಡುವವರೆಗೆ ಎಂದು ಕಂಪ್ಯೂಟರಿನ ಪವರ್ ಕೇಬಲ್ ಕಿತ್ತು, ಹನ್ನೊಂದು ದಿನದಿಂದ ನನ್ನ ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದ್ದೆ. ನಿನಗೆ ಹೇಳಿದರೆ ಅವನ ಪರ ನಿಲ್ಲುತ್ತೀಯೆಂದು ಹೇಳಿರಲಿಲ್ಲ. ಹೆಡ್‌ಫೋನ್ ಅವನ ಕುತ್ತಿಗೆಯಲ್ಲಿ ಅಭ್ಯಾಸಕ್ಕೆ ಇತ್ತು, ಅಷ್ಟೇ. ನೀನು ಕೂಗಿದ್ದು ಕೇಳಿ ನಾನು ಓಡಿ ಬಂದಾಗ ಅವನ ಮೊಣಕೈಯ ಕೆಳಗೆ ಹಾಳೆಯಿತ್ತು, ನೀನು ಅವನ ಮುಖವನ್ನಷ್ಟೇ ನೋಡುತ್ತಿದ್ದೆ. ನಾನು ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ. ಏಳು ವಾರ ಎಲ್ಲರೂ ಆಟವನ್ನು ಬೈದರು, ನಾನು ಬಾಯಿ ಮುಚ್ಚಿಕೊಂಡಿದ್ದೆ. ಹಾಳೆಯ ಕೊನೆಯ ಸಾಲು ಹೀಗಿದೆ: 'ಇದರಲ್ಲಿ ಸತ್ತವರು ಹತ್ತು ಸೆಕೆಂಡಿನಲ್ಲಿ ಎದ್ದು ಬರುತ್ತಾರೆ, ಹಾಗಾಗಿ ಸಾವೆಂದರೇನೆಂದು ಈ ಆಟಕ್ಕೆ ಗೊತ್ತಿಲ್ಲ. ಈ ವಾದಕ್ಕೆ ನನ್ನ ಬಳಿ ಉತ್ತರವಿಲ್ಲ, ಅಪ್ಪಾ.' ಎದುರಾಳಿಯನ್ನು ಅವನು ಭೇಟಿಯಾಗಿದ್ದ. ಆ ಹಾಳೆಗೆ ನಾನು ಇವತ್ತು ಮಂಜೂರು ಎಂದು ಬರೆದು ಸಹಿ ಮಾಡಿದ್ದೇನೆ. ಶುಕ್ರವಾರ ಸಂಜೆ ಐದಕ್ಕೆ ಸಭೆ. ಆ ಕೇಬಲನ್ನೂ ಈ ಹಾಳೆಯನ್ನೂ ಅವನ ಫೋಟೋದ ಪಕ್ಕ ಇಟ್ಟು, ನಿರ್ಣಯದ ವಿರುದ್ಧ ಮಾತನಾಡುತ್ತೇನೆ. ಇದನ್ನು ಓದಿದ ಮೇಲೆ ನನ್ನ ಮುಖ ನೋಡಲು ನಿನಗೆ ಇಷ್ಟವಿಲ್ಲದೆ ಹೋಗಬಹುದು. ಆದರೂ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಹಿಡಿದಿಟ್ಟಿರುತ್ತೇನೆ. ನಿನ್ನನ್ನು ಕೇಳಿಲ್ಲ, ಎರಡು ಹಾಳೆ ಬರೆದಿಲ್ಲ. ಒಬ್ಬನೇ ತೀರ್ಮಾನಿಸಿದ್ದೇನೆ.