ನಿಶ್ಮಿತಾ ಹೇಳಿದ ಉತ್ತರ ಸರಿಯಾಗಿತ್ತು

ಕುಂದಾಪುರ, ಡಿಸೆಂಬರ್ 2012

ಅಂತರಶಾಲಾ ಇತಿಹಾಸ ರಸಪ್ರಶ್ನೆ ಸ್ಪರ್ಧೆಯನ್ನು ನಡೆಸಿಕೊಟ್ಟ ಶಿಕ್ಷಣ ಇಲಾಖೆಯ ಮಾನ್ಯ ಅಧಿಕಾರಿಗಳೇ,

ಕಳೆದ ತಿಂಗಳು ತಮ್ಮ ಸ್ಪರ್ಧೆಯಲ್ಲಿ ಒಬ್ಬ ಹುಡುಗಿ ಸರಿಯುತ್ತರ ಹೇಳಿ ಸೋತಳು. ಆ ತೀರ್ಪಿನಲ್ಲಿ ತಮ್ಮ ಪಾಲೂ ಇದೆ, ನನ್ನ ಪಾಲೂ ಇದೆ. ತಮ್ಮ ಪಾಲಿನ ಬಗ್ಗೆ ತಮ್ಮ ಕಚೇರಿಗೇ ಬಂದು ಹೇಳಿದೆ. "ಫಲಿತಾಂಶ ಘೋಷಣೆಯಾಗಿದೆ, ಮುಂದಿನ ವರ್ಷ ನೋಡೋಣ" ಎಂದಿರಿ. ನನ್ನ ಪಾಲನ್ನು ಮುಂದಿನ ವರ್ಷದವರೆಗೆ ಹೊತ್ತುಕೊಂಡು ತಿರುಗುವ ಶಕ್ತಿ ನನಗಿಲ್ಲ. ಹಾಗಾಗಿ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ಸ್ಪರ್ಧೆಯ ಪ್ರಾಯೋಜಕರು ಯಾರೆಂದು ಸಭಾಂಗಣಕ್ಕೆ ಬಂದವರಿಗೆಲ್ಲ ಗೊತ್ತು. ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಆ ಟೀವಿ ವಾಹಿನಿಯ ಧಾರಾವಾಹಿಯ ನಾಯಕ ಕತ್ತಿ ಎತ್ತಿ ನಿಂತಿದ್ದ. 'ಇತಿಹಾಸವನ್ನು ಮಕ್ಕಳ ಬಳಿಗೆ ಒಯ್ಯುತ್ತೇವೆ' ಎಂದು ಕೆಳಗೆ ಬರೆದಿತ್ತು. ಒಯ್ಯುವ ದಾರಿಯಲ್ಲಿ ಯುದ್ಧದಲ್ಲಿ ಗೆದ್ದವರು ಯಾರು, ಸೋತವರು ಯಾರು ಎಂಬುದು ಎಲ್ಲೋ ಬಿದ್ದುಹೋಯಿತು, ಅಷ್ಟೆ.

ಕೊನೆಯ ಪ್ರಶ್ನೆ: ಝೀಲಂ ನದಿಯ ದಡದಲ್ಲಿ ಅಲೆಗ್ಸಾಂಡರನಿಗೂ ಪೋರಸ್ ದೊರೆಗೂ ನಡೆದ ಯುದ್ಧ ಹೇಗೆ ಮುಗಿಯಿತು? ನಮ್ಮ ಶಾಲೆಯ ಹತ್ತನೇ ತರಗತಿಯ ನಿಶ್ಮಿತಾ ತಡವರಿಸದೆ ಹೇಳಿದಳು: "ಪೋರಸ್ ಸೋತ. ಆದರೆ ಅವನ ಧೈರ್ಯ ಮೆಚ್ಚಿ ಅಲೆಗ್ಸಾಂಡರ್ ರಾಜ್ಯವನ್ನು ಅವನಿಗೇ ಬಿಟ್ಟುಕೊಟ್ಟ." ಪ್ರಶ್ನೆ ಕೇಳುತ್ತಿದ್ದವರು ಕೈಯಲ್ಲಿದ್ದ ಚೀಟಿ ನೋಡಿ "ತಪ್ಪು" ಎಂದರು. ಎದುರು ತಂಡದ ಕೀರ್ತನ್ ಎಂಬ ಹುಡುಗ ಎದ್ದು, "ಪೋರಸ್ ಅಲೆಗ್ಸಾಂಡರನನ್ನು ಸೆರೆಹಿಡಿದ!" ಎಂದು ಕೂಗಿದ. ಹಿಂದಿನ ಭಾನುವಾರ ಧಾರಾವಾಹಿಯಲ್ಲಿ ತೋರಿಸಿದ್ದು ಹಾಗೆಯೇ. ಸಭಾಂಗಣವೆಲ್ಲ ಚಪ್ಪಾಳೆ.

ನಿಶ್ಮಿತಾ ತೀರ್ಪುಗಾರರ ಕಡೆ ತಿರುಗಿದಳು. ಅಲ್ಲಿ ನಾನಿದ್ದೆ. ಅವಳಿಗೆ ಆ ಪಾಠ ಮಾಡಿದವನು ನಾನೇ. ನಮ್ಮ ಶಾಲೆಯ ತಂಡವಿದೆ, ತೀರ್ಪುಗಾರನಾಗಿ ನಾನು ಬೇಡ ಎಂದು ಮೊದಲೇ ಹೇಳಿದ್ದೆ. ಜನ ಇಲ್ಲ ಎಂದು ತಾವೇ ಕೂರಿಸಿದ್ದಿರಿ. ನಾನು ಪಕ್ಕದಲ್ಲೇ ಕೂತಿದ್ದ ತಮ್ಮತ್ತ ಬಾಗಿ, ಹುಡುಗಿ ಹೇಳಿದ್ದೇ ಸರಿ ಎಂದು ಪಿಸುಗುಟ್ಟಿದೆ. ತಾವು ನಗುತ್ತಲೇ ಹೇಳಿದಿರಿ: "ಬಿಡಿ ಮಾಸ್ತರ್ರೇ, ಪ್ರಾಯೋಜಕರು ಎದುರಿಗೇ ಕೂತಿದ್ದಾರೆ. ನಮ್ಮ ರಾಜ ಗೆದ್ದರೆ ನಿಮಗೇನು ನಷ್ಟ?"

ನಾನು ಬಿಟ್ಟೆ. ನಮ್ಮ ಶಾಲೆಯ ಹುಡುಗಿಯ ಪರ ಮಾತನಾಡಿದರೆ ಪಕ್ಷಪಾತ ಎನ್ನುತ್ತಾರೆ ಎಂಬ ಒಳ್ಳೆಯ ನೆಪವೊಂದು ಕೂಡಲೇ ಸಿಕ್ಕಿತು. ನಿಶ್ಮಿತಾ ಇನ್ನೂ ನನ್ನನ್ನೇ ನೋಡುತ್ತಿದ್ದಳು. ನಾನು ನೀರಿನ ಬಾಟಲಿಯ ಮುಚ್ಚಳ ತಿರುಗಿಸತೊಡಗಿದೆ.

ಮನೆಗೆ ಬಂದು ಹೆಂಡತಿ ಚಂದ್ರಮತಿಗೆ ಹೇಳಿದರೆ ಅವಳು ಕೇಳಿದ್ದು ಒಂದೇ ಮಾತು: "ಹ್ವಾಯ್, ನಿಮ್ಗೆ ಬಾಯಿ ಇರ್ಲಿಲ್ಯಾ?"

ತಾವು ಕೇಳಬಹುದು, ಮನರಂಜನೆ ತಪ್ಪೇ ಎಂದು. ಖಂಡಿತ ಅಲ್ಲ. ಆ ಭಾನುವಾರ ನಾನೂ ಟೀವಿ ಮುಂದೆ ಇದ್ದೆ. ಅಲೆಗ್ಸಾಂಡರನ ಕೈಗೆ ಸರಪಳಿ ಬಿದ್ದಾಗ, ಅದು ಸುಳ್ಳೆಂದು ತಿಳಿದೂ ನನ್ನ ಮೈ ಜುಮ್ಮೆಂದಿತ್ತು. ನಮ್ಮ ಕಡೆಯವರಿಗೆ ಕಥೆಯನ್ನು ಕಥೆಯಾಗಿ ನೋಡಲು ಯಾರೂ ಕಲಿಸಬೇಕಾಗಿಲ್ಲ. ಯಕ್ಷಗಾನದಲ್ಲಿ ದೇವಲೋಕದ ದೂತ ಬಂದು ಹೆಮ್ಮಾಡಿ ರಸ್ತೆಯ ಹೊಂಡದ ಬಗ್ಗೆ ಮಾತನಾಡಿದರೂ ನಗುತ್ತೇವೆ. ಆದರೆ ಮರುದಿನ ಯಾವ ಅಧಿಕಾರಿಯೂ ಅದನ್ನು ಚೀಟಿಯಲ್ಲಿ ಬರೆದು, ಇದೇ ಸರಿಯುತ್ತರ ಎಂದು ಮಕ್ಕಳ ಮುಂದೆ ಓದುವುದಿಲ್ಲ. ಧಾರಾವಾಹಿಯವರು ಸುಳ್ಳನ್ನು ಬಣ್ಣ ಹಚ್ಚಿ ಮಾರಿದರು, ಅದು ಅವರ ವ್ಯಾಪಾರ. ಅದಕ್ಕೆ ಇಲಾಖೆಯ ಮೊಹರು ಒತ್ತುವುದು ಯಾರ ಕೆಲಸ? ಮೊಹರಿನ ಪಕ್ಕ ಕುಳಿತು ತಲೆಯಾಡಿಸುವುದಕ್ಕೆ ನನಗೆ ಸರ್ಕಾರ ಸಂಬಳ ಕೊಡುತ್ತಿದೆಯೇ?

ಆಮೇಲೆ ನಿಶ್ಮಿತಾ ತರಗತಿಗೆ ಬರುತ್ತಿದ್ದಳು, ಆದರೆ ಪ್ರಶ್ನೆ ಕೇಳಿದರೆ ಕೈಯೆತ್ತುತ್ತಿರಲಿಲ್ಲ. ತಡೆಯಲಾರದೆ ಒಂದು ಶನಿವಾರ ಬೀಜಾಡಿಯ ಅವಳ ಮನೆಗೆ ಹೋದೆ. ತಂದೆ ಮುಂಬಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದಾರೆ. ತಾಯಿ ಗಿರಿಜಾ ಕುರ್ಚಿ ಒರೆಸಿ, "ಬನ್ನಿ ಸರ್, ಕೂಕಣಿ. ಅದ್ ಎಂತಕೋ ಸರಿ ಮಾತೇ ಆಡ್ತಿಲ್ಲೆ. ಸೋತದ್ದಕ್ಕೆ ಬೇಜಾರ್ ಕಾಣತ್ತ್" ಎಂದು ಮಗಳ ಬಗ್ಗೆ ಹೇಳಿದರು. ಮಗಳು ಅವರಿಗೆ ಏನೂ ಹೇಳಿರಲಿಲ್ಲ. ನನ್ನ ಮಾನ ಕಾಯ್ದಿದ್ದಳು.

ಚಾ ತಂದಿಟ್ಟ ನಿಶ್ಮಿತಾ ಬಾಗಿಲ ಹತ್ತಿರ ನಿಂತು ಕೇಳಿದಳು: "ಸರ್, ಪರೀಕ್ಷೆಗೆ ಅದೇ ಪ್ರಶ್ನೆ ಬಂದ್ರೆ ಯಾವ್ದ್ ಬರೀಕ್? ನೀವ್ ಹೇಳ್ದದ್ದಾ, ಟೀವಿಯವ್ರ್ ಹೇಳ್ದದ್ದಾ?"

"ನಾನು ಹೇಳಿದ್ದೇ ಬರಿ ಮಗಾ. ಅದೇ ಸರಿ."

"ಹಾಂಗಾರೆ ಅಲ್ಲಿ ಎಂತಕ್ಕೆ ಹೇಳ್ಲಿಲ್ಲ?"

ಗಿರಿಜಾ ಗಾಬರಿಯಾಗಿ ಮಗಳನ್ನು ಗದರಿದರು: "ಏ ಹೆಣೆ, ಸರ್ ಹತ್ರ ಹಾಂಗೆಲ್ಲ ಕೇಂತ್ರಾ?"

ಕೇಳಬೇಕು, ಮಾನ್ಯರೇ. ಹಾಗೆಯೇ ಕೇಳಬೇಕು. ಆದರೆ ಆ ಮಾತನ್ನೂ ನಾನು ಅಲ್ಲಿ ಹೇಳಲಿಲ್ಲ. ಚಾ ಕುಡಿದು ಎದ್ದು ಬಂದೆ. ಸೋಮವಾರ ತರಗತಿಯಲ್ಲಿ ಎಲ್ಲರೆದುರು ತಪ್ಪೊಪ್ಪಿಕೊಂಡೆ. ಮಕ್ಕಳು ಮುಖ ಮುಖ ನೋಡಿಕೊಂಡರು. ನಿಶ್ಮಿತಾ ಪುಸ್ತಕದಿಂದ ತಲೆಯೆತ್ತಲಿಲ್ಲ. ತಪ್ಪಾದದ್ದು ತುಂಬಿದ ಸಭಾಂಗಣದಲ್ಲಿ, ಒಪ್ಪಿಕೊಂಡದ್ದು ನಾಲ್ಕು ಗೋಡೆಯ ನಡುವೆ. ಅದು ಸಾಲದು ಎಂದು ಅವಳಿಗೂ ಗೊತ್ತು.

ಆದ್ದರಿಂದ ನನ್ನ ಒತ್ತಾಯ ಇಷ್ಟೇ. ಕೀರ್ತನನ ಬಹುಮಾನ ಕಿತ್ತುಕೊಳ್ಳಬೇಡಿ. ಆ ಹುಡುಗ ದೊಡ್ಡವರು ತೋರಿಸಿದ್ದನ್ನು ನಂಬಿದ, ಅಷ್ಟೆ. ಅದೇ ಸಭಾಂಗಣದಲ್ಲಿ ಅವೇ ಶಾಲೆಗಳನ್ನು ಮತ್ತೆ ಕರೆಸಿ, ನಿಶ್ಮಿತಾ ಹೇಳಿದ ಉತ್ತರವೇ ಸರಿ, ಚೀಟಿ ತಪ್ಪು ಎಂದು ಇಲಾಖೆಯ ಹೆಸರಿನಲ್ಲಿ ಘೋಷಿಸಿ. ತಮಗೆ ಮುಜುಗರವಾದರೆ ಮೈಕು ನನ್ನ ಕೈಗೆ ಕೊಡಿ. ಪ್ರಾಯೋಜಕರನ್ನೂ ಕರೆಯಿರಿ, ಎದುರಿಗೇ ಕೂರಿಸಿ.

ಆ ದಿನ ನಿಶ್ಮಿತಾ ಬರುತ್ತಾಳೋ ಇಲ್ಲವೋ ನನಗೆ ತಿಳಿಯದು. ಬಾ ಎಂದು ಅವಳನ್ನು ಕರೆಯುವ ಯೋಗ್ಯತೆ ನನಗೆ ಇನ್ನೂ ಬಂದಿಲ್ಲ.

ಇಂತಿ, ತಲೆ ತಗ್ಗಿಸಿಕೊಂಡು,
ಸರಿಯುತ್ತರ ಗೊತ್ತಿದ್ದ ತೀರ್ಪುಗಾರ
ರವಿಚಂದ್ರ, ಸಮಾಜ ವಿಜ್ಞಾನ ಶಿಕ್ಷಕ